ನಾಯಿಯ ವಿವೇಕ, ಕೋಲಿನ ಕಂಪನ

ಅಂಧರಿಗೆ ದಾರಿ ತೋರುವ ನಾಯಿ ಸಿಗ್ನಲ್ ದೀಪ ನೋಡಿ ರಸ್ತೆ ದಾಟಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ವಾಹನಗಳ ಸದ್ದು ಆಲಿಸಿ ‘ನಡೆ’ ಎನ್ನುವುದು ನಾಯಿಯನ್ನು ಹಿಡಿದವರೇ. ಆದರೆ ಎದುರಿಗೆ ವಾಹನವೋ ಹೊಂಡವೋ ಇದ್ದರೆ ನಾಯಿ ಆ ಮಾತು ಕೇಳದೆ ನಿಂತುಬಿಡುತ್ತದೆ. ಅಪಾಯವಿದ್ದಾಗ ಆಜ್ಞೆ ಮೀರುವುದನ್ನೂ ಅದಕ್ಕೆ ಕಲಿಸಿರುತ್ತಾರೆ. ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಇಂಥ ತರಬೇತಿ ಶಾಲೆ ಆರಂಭವಾಯಿತು. ನಮ್ಮಲ್ಲಿ ಈ ನಾಯಿಗಳು ಬಲು ಅಪರೂಪ, ಬಿಳಿಕೋಲೇ ಆಸರೆ.

ಕೋಲು ನೆಲವನ್ನು ಚೆನ್ನಾಗಿ ಅರಿಯುತ್ತದೆ. ಮೊಣಕಾಲಿಗಿಂತ ಮೇಲಿನದು ಮಾತ್ರ ಅದಕ್ಕೆ ತಾಗುವುದಿಲ್ಲ. ಕಡಬ ತಾಲೂಕಿನ ಪೆರಾಬೆಯಂಥ ಊರಿನಲ್ಲಿ ಮಾರ್ಗಕ್ಕೆ ಬಾಗಿದ ಗೆಲ್ಲು, ನಿಂತ ಪಿಕಪ್‌ನಿಂದ ಹೊರಚಾಚಿದ ಕಬ್ಬಿಣದ ಸರಳು ನೇರ ಮುಖಕ್ಕೇ ಬಡಿಯಬಹುದು. ಈ ಕೊರತೆ ನೀಗಲೆಂದು ದೆಹಲಿ ಐಐಟಿಯ ಪ್ರೊ. ಎಂ. ಬಾಲಕೃಷ್ಣನ್ ಅವರ ತಂಡ ರೂಪಿಸಿದ ‘ಸ್ಮಾರ್ಟ್‌ಕೇನ್’ 2014ರಲ್ಲಿ ಬಳಕೆಗೆ ಬಂತು. ಕೋಲಿನ ಹಿಡಿಗೆ ಜೋಡಿಸುವ ಈ ಸಾಧನ ಬಾವಲಿಯ ಹಾಗೆ, ನಮ್ಮ ಕಿವಿಗೆ ಕೇಳಿಸದ ಶಬ್ದವನ್ನು ಹೊರಡಿಸಿ ಪ್ರತಿಧ್ವನಿಗೆ ಕಾಯುತ್ತದೆ. ಮೂರು ಮೀಟರ್ ದೂರದ ಅಡ್ಡಿಗೆ ತಾಗಿ ಶಬ್ದ ಮರಳಲು ಸೆಕೆಂಡಿನ ಐವತ್ತನೇ ಒಂದು ಪಾಲೂ ಬೇಡ. ಕೂಡಲೇ ಹಿಡಿ ಕಂಪಿಸುತ್ತದೆ. ಅಡ್ಡಿ ಹತ್ತಿರವಾದಂತೆ ಕಂಪನದ ಲಯವೂ ಬದಲಾಗುತ್ತದೆ. ಎಚ್ಚರಿಕೆ ಕೈಗೇ ಮುಟ್ಟುವುದರಿಂದ ಕಿವಿಯನ್ನು ವಾಹನಗಳ ಕಡೆಗೇ ಇಟ್ಟಿರಬಹುದು. ಜಡಿಮಳೆಯ ಸದ್ದಿನಲ್ಲಿ ಮಾತಿಗಿಂತ ಕಂಪನವೇ ಮೇಲು.

ಆದರೆ ಓರೆಯಾದ ನುಣುಪು ಮೇಲ್ಮೈಗೆ ತಾಗಿದ ಶಬ್ದ ಬೇರೆಡೆಗೆ ಚಿಮ್ಮಿ ಹೋಗಬಹುದು. ಆಗ ಅಡ್ಡಿಯಿದ್ದರೂ ಸಾಧನ ಸುಮ್ಮನಿರುತ್ತದೆ. ಸಂಶಯ ಬಂದರೆ ನಾಯಿ ನಿಲ್ಲುತ್ತದೆ; ಯಂತ್ರದ ಮೌನವನ್ನು ಮಾತ್ರ ‘ದಾರಿ ತೆರವಾಗಿದೆ’ ಎಂದು ನಂಬುವಂತಿಲ್ಲ. ತೆರೆದ ಚರಂಡಿಯ ಬಾಯಿ, ತೋಡಿಗೆ ಹಾಕಿದ ಅಡಿಕೆಮರದ ಸಂಕದ ಅಂಚು ತಿಳಿಯಲು ಈಗಲೂ ಕೋಲಿನ ತುದಿಯೇ ಬೇಕು. ಫೋನಿನ ಜಿಪಿಎಸ್ ಕೂಡ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಕಾಲುದಾರಿಯೇ ಇಲ್ಲದ ಹಳ್ಳಿಯ ಕಿರುಮಾರ್ಗದಲ್ಲಿ ಅಂಚಿಗೂ ನಡುವಿಗೂ ಇರುವ ಅಂತರ ಅಷ್ಟೇ.

ನಡೆದು ಬಸ್ ತಂಗುದಾಣ ಮುಟ್ಟಿದ ಮೇಲೆ ಇನ್ನೊಂದು ತೊಡಕು: ಬಂದ ಬಸ್ಸು ಯಾವುದು? ಇದಕ್ಕೆ ಕರ್ನಾಟಕದಲ್ಲೇ ಉತ್ತರವಿದೆ. ಕೆಎಸ್‌ಆರ್‌ಟಿಸಿ 2023ರಲ್ಲಿ ಮೈಸೂರಿನ ನಗರ ಬಸ್ಸುಗಳಲ್ಲಿ ‘ಧ್ವನಿ ಸ್ಪಂದನ’ ಅಳವಡಿಸಿತು. ಕೈಯಲ್ಲಿರುವ ಸಾಧನದ ಗುಂಡಿ ಒತ್ತಿದರೆ ರೇಡಿಯೊ ಸಂಕೇತದ ಮೂಲಕ ಹತ್ತಿರದ ಬಸ್ಸಿನ ಮಾರ್ಗಸಂಖ್ಯೆ ತಿಳಿಯುತ್ತದೆ. ಬೇಕಾದ ಬಸ್ಸನ್ನು ಆರಿಸಿದರೆ ಅದರ ಬಾಗಿಲ ಬಳಿಯ ಸ್ಪೀಕರ್ ದನಿ ಹೊರಡಿಸುತ್ತದೆ. ಆ ದನಿಯ ಜಾಡು ಹಿಡಿದು ಬಸ್ ಹತ್ತಬಹುದು.

ಈ ವ್ಯವಸ್ಥೆ ನಗರಕ್ಕಿಂತ ಹಳ್ಳಿಗೆ ಹೆಚ್ಚು ಅಗತ್ಯ. ನಗರದಲ್ಲಿ ಒಂದು ಬಸ್ಸು ತಪ್ಪಿದರೆ ಹಿಂದೆಯೇ ಇನ್ನೊಂದಿದೆ. ಪೆರಾಬೆಯ ಕಡೆ ಹಾಗಲ್ಲ. ಕೆಎಸ್‌ಆರ್‌ಟಿಸಿಯ ಪುತ್ತೂರು ವಿಭಾಗದ ಬಸ್ಸುಗಳಿಗೂ ಖಾಸಗಿ ಬಸ್ಸುಗಳಿಗೂ ಇದು ಬರಬೇಕು, ಚರಂಡಿಗಳಿಗೆ ಚಪ್ಪಡಿ ಬೀಳಬೇಕು. ಸಾಧನ ಎಷ್ಟೇ ಜಾಣವಾಗಿರಲಿ, ಕಾಲಿಡಲು ಗಟ್ಟಿ ನೆಲ ಒದಗಿಸುವ ಹೊಣೆ ನಮ್ಮದೇ.