ಹೇಳಬೇಕಾದ ವೇಗ, ಬಿಡಬೇಕಾದ ವೇಗ

ಪೋಸ್ಟ್‌ಗ್ರೆಸ್‌ಕ್ಯೂಎಲ್ ಒಂದು ಡೇಟಾಬೇಸ್ ತಂತ್ರಾಂಶ: ಮಾಹಿತಿಯನ್ನು ಕೋಷ್ಟಕಗಳಲ್ಲಿ ಜೋಡಿಸಿಟ್ಟುಕೊಂಡು, ಕೇಳಿದಾಗ ಹುಡುಕಿಕೊಡುತ್ತದೆ. ಇದರ ಬೇರು 1986ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶುರುವಾದ ಸಂಶೋಧನೆಯಲ್ಲಿದೆ. ಈಗ ನಾನಾ ದೇಶಗಳ ಡೆವಲಪರ್‌ಗಳು ಸೇರಿ ಬೆಳೆಸುತ್ತಿರುವ ಇದರ ದೊಡ್ಡ ಆವೃತ್ತಿ ವರ್ಷಕ್ಕೊಂದರಂತೆ ಹೊರಬರುತ್ತದೆ. ಜೊತೆಗೆ ಬಿಡುಗಡೆ ಟಿಪ್ಪಣಿಯೂ ಬರುತ್ತದೆ. ಈ ಸಲ ಏನೇನು ಬದಲಾಯಿತು ಎಂದು ತಿಳಿಸುವ ಪಟ್ಟಿ ಅದು. ಅನೇಕ ವರ್ಷಗಳಿಂದ ಅದರ ಮೊದಲ ಕರಡನ್ನು ಬರೆಯುತ್ತ ಬಂದವರು ಬ್ರೂಸ್ ಮೊಮ್ಜಿಯನ್.

ಈ ಕೆಲಸದಲ್ಲಿ ಬರೆಯುವುದಕ್ಕಿಂತ ಓದುವುದೇ ಹೆಚ್ಚು. ಕೋಡ್‌ಗೆ ಸೇರಿದ ಒಂದೊಂದು ಬದಲಾವಣೆಗೂ ಕಮಿಟ್ ಎನ್ನುತ್ತಾರೆ. ವರ್ಷವೊಂದರಲ್ಲಿ ಅಂಥವು ಸಾವಿರಾರು. ಅವನ್ನೆಲ್ಲ ಪಟ್ಟಿ ಮಾಡಿಕೊಡಲು ಒಂದು ಸ್ಕ್ರಿಪ್ಟ್ ಇದೆ. ಯಾವುದು ಉಳಿಯಬೇಕು ಎಂಬುದನ್ನು ಮಾತ್ರ ಓದಿಯೇ ನಿರ್ಧರಿಸಬೇಕು. ಕಾಗುಣಿತ ತಿದ್ದಿದ್ದು, ಪರೀಕ್ಷೆ ಸೇರಿಸಿದ್ದು ಸುಲಭವಾಗಿ ಪಕ್ಕಕ್ಕೆ ಸರಿಯುತ್ತವೆ. ಹೊಸ ಸೌಲಭ್ಯ ಬಂದಿದ್ದರೆ ಅದು ಒಳಗೆ ಬರುವುದೂ ಅಷ್ಟೇ ಸುಲಭ. ಕೈ ತಡೆಯುವುದು ವೇಗ ಹೆಚ್ಚಿಸಿದ ಕಮಿಟ್‌ಗಳ ಮುಂದೆ. ಅವುಗಳಲ್ಲಿ ಹೆಚ್ಚಿನವು ಸದ್ದಿಲ್ಲದೆ ಕೆಲಸ ಮಾಡುತ್ತವೆ: ಬಳಕೆದಾರ ಏನೂ ಮಾಡಬೇಕಿಲ್ಲ, ಪ್ರೋಗ್ರಾಂ ತುಸು ಚುರುಕಾಗಿರುತ್ತದೆ. ಎಲ್ಲವನ್ನೂ ಬರೆದರೆ ಪಟ್ಟಿಯನ್ನು ಯಾರೂ ಓದುವುದಿಲ್ಲ.

ಶೇಕಡಾ ಎಷ್ಟು ವೇಗ ಹೆಚ್ಚಿತು ಎಂಬ ಲೆಕ್ಕ ಇಲ್ಲಿ ಸಾಲದು. ಬಳಕೆದಾರ ಮಾಡುವ ಕೆಲಸ ಬದಲಾಗುತ್ತದೆಯೇ ಎಂದು ಕೇಳಬೇಕು. 2024ರ 17ನೇ ಆವೃತ್ತಿಯ ಒಂದು ಸುಧಾರಣೆಯನ್ನೇ ನೋಡಿ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲನ್ನು ತಿದ್ದಿದಾಗ ಹಳೆಯ ಸಾಲು ತಕ್ಷಣ ಅಳಿಸಿಹೋಗುವುದಿಲ್ಲ. ಅದನ್ನು ಆಮೇಲೆ ಗುಡಿಸಿ ತೆಗೆಯುವ ಕೆಲಸಕ್ಕೆ ವ್ಯಾಕ್ಯೂಮ್ ಎಂದು ಹೆಸರು. ಹಿಂದಿನ ಆವೃತ್ತಿಗಳಲ್ಲಿ ಗುಡಿಸಬೇಕಾದ ಪ್ರತಿ ಸಾಲಿನ ವಿಳಾಸವನ್ನು 6 ಬೈಟ್‌ಗಳಲ್ಲಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತಿದ್ದರು, ಆ ಜಾಗಕ್ಕೆ 1 ಜಿಬಿಯ ಮಿತಿ ಇತ್ತು. ಎಂದರೆ ಸುಮಾರು 17.9 ಕೋಟಿ ವಿಳಾಸ. ಅದು ತುಂಬಿದೊಡನೆ ಕೋಷ್ಟಕದ ಎಲ್ಲ ಇಂಡೆಕ್ಸ್‌ಗಳನ್ನೂ (ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿಗಳನ್ನು) ಒಮ್ಮೆ ಪೂರ್ತಿ ಜಾಲಾಡಿ, ಉಳಿದ ಸಾಲುಗಳಿಗಾಗಿ ಮತ್ತೆ ಅದೇ ಸುತ್ತು ಹಾಕಬೇಕಿತ್ತು. ನಿರ್ವಾಹಕರು ಹೆಚ್ಚು ಮೆಮೊರಿ ಕೊಟ್ಟರೂ ವ್ಯಾಕ್ಯೂಮ್ ಅದನ್ನು ಮುಟ್ಟುತ್ತಿರಲಿಲ್ಲ. ಹೊಸ ರಚನೆ ವಿಳಾಸಗಳನ್ನು ಒತ್ತಾಗಿ ಜೋಡಿಸುತ್ತದೆ. ಮೆಮೊರಿ ಬಳಕೆ 20ರಲ್ಲಿ ಒಂದು ಪಾಲಿಗೆ ಇಳಿಯುವುದೂ ಉಂಟು. ಮಿತಿಯೂ ಹೋಯಿತು. ದೊಡ್ಡ ಕೋಷ್ಟಕಗಳನ್ನು ನೋಡಿಕೊಳ್ಳುವವರು ಇನ್ನು ವ್ಯಾಕ್ಯೂಮ್‌ಗೆ ಕೊಡುವ ಮೆಮೊರಿಯ ಸೆಟ್ಟಿಂಗ್ ಅನ್ನು ಬೇರೆ ರೀತಿ ಇಡಬಹುದು. ಈ ಸುದ್ದಿ ಅವರಿಗೆ ತಲುಪಲೇಬೇಕು.

ಕೆಲವು ಸುಧಾರಣೆಗಳ ಫಲ ತಾನಾಗಿ ಕೈಗೆ ಬರುವುದಿಲ್ಲ. 2020ರ 13ನೇ ಆವೃತ್ತಿಯಲ್ಲಿ, ಒಂದೇ ಮೌಲ್ಯ ಪದೇ ಪದೇ ಬರುವ ಬಿ-ಟ್ರೀ ಎಂಬ ಬಗೆಯ ಇಂಡೆಕ್ಸ್‌ಗಳು ಕಡಿಮೆ ಜಾಗದಲ್ಲಿ ಹಿಡಿಯುವಂತಾಯಿತು. ಪಿಜಿ_ಅಪ್‌ಗ್ರೇಡ್ ಎಂಬ ಉಪಕರಣದ ಮೂಲಕ ಹಳೆಯ ಆವೃತ್ತಿಯಿಂದ ಬಂದವರು ಮಾತ್ರ ಇಂಡೆಕ್ಸ್ ಅನ್ನು ಮತ್ತೆ ಕಟ್ಟಿಕೊಳ್ಳಬೇಕಿತ್ತು. ಟಿಪ್ಪಣಿಯಲ್ಲಿ ಆ ಒಂದು ವಾಕ್ಯ ಇಲ್ಲದಿದ್ದರೆ ಆ ಶ್ರಮದ ಲಾಭ ಬಹುಮಂದಿಗೆ ಸಿಗುತ್ತಲೇ ಇರಲಿಲ್ಲ. ಹಳೆಯ ಅಭ್ಯಾಸವನ್ನು ಕೆಡಿಸುವ ವೇಗವೂ ಇದೆ. 12ನೇ ಆವೃತ್ತಿಯಿಂದ, ವಿತ್ ಎಂದು ಶುರುವಾಗುವ ಒಳಪ್ರಶ್ನೆಯನ್ನು ಒಂದೇ ಕಡೆ ಬಳಸಿದ್ದರೆ ಅದು ಸಾಮಾನ್ಯವಾಗಿ ಮುಖ್ಯ ಪ್ರಶ್ನೆಯಲ್ಲಿ ಬೆರೆಯುತ್ತದೆ. ಅದು ಬೇರೆಯಾಗಿಯೇ ನಡೆಯುತ್ತದೆ ಎಂದು ನಂಬಿ ಬರೆದವರಿಗೆ ಹಳೆಯ ನಡವಳಿಕೆಗೆ ಮರಳುವ ದಾರಿಯನ್ನೂ ಅಲ್ಲೇ ತಿಳಿಸಬೇಕು.

ಇದಿಷ್ಟೂ ಓದುಗನಿಗೆ ಒಂದೆರಡು ಸಾಲಾಗಿ ಕಾಣುತ್ತದೆ, ಕೊನೆಯಲ್ಲಿ ಕೋಡ್ ಬರೆದವರ ಹೆಸರು. ನೂರಾರು ಸಾಲಿನ ಕೋಡನ್ನು, ಅದರ ಹಿಂದಿನ ತಿಂಗಳುಗಳ ಚರ್ಚೆಯನ್ನು ಅಷ್ಟಕ್ಕೆ ಇಳಿಸಿಯೂ ಅರ್ಥ ಕೆಡದಂತೆ ನೋಡಿಕೊಳ್ಳುವುದು ನನಗೆ ದೊಡ್ಡ ಕುಶಲತೆಯಾಗಿ ಕಾಣುತ್ತದೆ. ಬಿಟ್ಟುಹೋದ ಸಣ್ಣ ಸುಧಾರಣೆಗಳು ಕೂಡಿದಾಗ ದೊಡ್ಡ ವ್ಯತ್ಯಾಸವನ್ನೇ ತರಬಲ್ಲವು. ಅವನ್ನು ಬರೆದವರಿಗೆ ಬೇಸರವಾದರೆ ಅದು ನ್ಯಾಯವೇ. ಹಾಗಾಗಿ ಕರಡು ಬೇಸಿಗೆಯ ಬೀಟಾ (ಪರೀಕ್ಷಾ) ಬಿಡುಗಡೆಯ ಹೊತ್ತಿಗೇ ಎಲ್ಲರ ಮುಂದೆ ಬರುತ್ತದೆ. ಅಂತಿಮ ಆವೃತ್ತಿ ಹೊರಬರುವವರೆಗೂ ಡೆವಲಪರ್‌ಗಳು ವಾದಿಸುತ್ತಾರೆ, ಸಾಲುಗಳು ಸೇರುತ್ತವೆ, ತಿದ್ದುಪಡಿಯಾಗುತ್ತವೆ, ಕೆಲವು ಹೊರಗೂ ಹೋಗುತ್ತವೆ.