ಬ್ಯಾಟರಿಯ ಗಾತ್ರ, ದಾರಿಯ ಲೆಕ್ಕ

ಎಲೆಕ್ಟ್ರಾನಿಕ್ ಸಿಟಿಗೆ ಹೊಂದಿಕೊಂಡ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದಲ್ಲಿ, ಚೇತನ್ ಮೈನಿ ಅವರ ನೇತೃತ್ವದಲ್ಲಿ ರೂಪುಗೊಂಡು 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರಿನ ಎಂಟು ಸೀಸ-ಆಮ್ಲ ಬ್ಯಾಟರಿಗಳು ಹಿಡಿದಿಡುತ್ತಿದ್ದದ್ದು ಸುಮಾರು 9.6 ಕಿಲೋವ್ಯಾಟ್-ಅವರ್, ಅಂದರೆ ಮನೆಯ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಹತ್ತು ಯೂನಿಟ್‌ಗೂ ಕಡಿಮೆ ವಿದ್ಯುತ್ತು. ಅದರಿಂದ ಸುಮಾರು 80 ಕಿಲೋಮೀಟರ್ ಓಡಬಹುದೆಂಬುದು ತಯಾರಕರ ಭರವಸೆಯಾಗಿತ್ತು. 2010ರಲ್ಲಿ ರೇವಾ ತಯಾರಿಸುತ್ತಿದ್ದ ಸಂಸ್ಥೆಯ ಬಹುಪಾಲನ್ನು ಕೊಂಡ ಮಹೀಂದ್ರಾ, 2024ರ ನವೆಂಬರಿನಲ್ಲಿ ಅನಾವರಣಗೊಳಿಸಿದ ಬಿಇ 6 ಕಾರಿನ ದೊಡ್ಡ ಲಿಥಿಯಂ ಬ್ಯಾಟರಿಯ ಸಾಮರ್ಥ್ಯ 79 ಯೂನಿಟ್. ಅದರ ಪ್ರಮಾಣೀಕೃತ ವ್ಯಾಪ್ತಿ, ಅಂದರೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಕ್ರಮಿಸುವ ದೂರ, 682 ಕಿಲೋಮೀಟರ್.

ಆದರೆ ಈ ಅಂಕಿ ಪ್ರಯೋಗಾಲಯದಲ್ಲಿ, ಉರುಳೆಗಳ ಮೇಲೆ, ನಿಗದಿತ ವೇಗದ ಕ್ರಮದಲ್ಲಿ ಕಾರನ್ನು ಓಡಿಸಿ ಪಡೆದದ್ದಾಗಿರುವುದರಿಂದ, ಹೆದ್ದಾರಿಯ ವೇಗ, ಏಸಿಯ ಬಳಕೆ, ಪ್ರಯಾಣಿಕರ ಭಾರ ಸೇರಿದಾಗ ನಿಜವಾದ ದೂರ ಗಣನೀಯವಾಗಿ ತಗ್ಗುತ್ತದೆ. ಬ್ಯಾಟರಿ ಹಿಗ್ಗಿದಂತೆ ಕಾರಿನ ತೂಕ, ಬೆಲೆ ಮತ್ತು ಚಾರ್ಜಿಂಗ್ ಅವಧಿಯೂ ಏರುತ್ತವೆ. ಹೆಚ್ಚಿದ ತೂಕದಿಂದಾಗಿ ದೂರ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ನಗರದ ನಿಧಾನಗತಿಯ ಸಂಚಾರದಲ್ಲಾದರೋ ಬ್ರೇಕ್ ಹಾಕುವಾಗ ಮೋಟಾರು ಜನರೇಟರಿನಂತೆ ವರ್ತಿಸಿ, ಚಲನೆಯ ಶಕ್ತಿಯ ಒಂದು ಭಾಗವನ್ನು ಬ್ಯಾಟರಿಗೆ ಮರಳಿಸುತ್ತದೆ.

ಪೀಣ್ಯದಿಂದ ವೈಟ್‌ಫೀಲ್ಡ್‌ಗೆ ನಿತ್ಯ ಹೋಗಿಬರುವವರ ದಾರಿಯೂ ನೂರು ಕಿಲೋಮೀಟರಿನೊಳಗೇ ಮುಗಿಯುವುದರಿಂದ, ಮನೆಯಲ್ಲೋ ಕಚೇರಿಯಲ್ಲೋ ಚಾರ್ಜಿಂಗ್ ಸೌಕರ್ಯವುಳ್ಳವರಿಗೆ 30ರಿಂದ 45 ಯೂನಿಟ್ ಬ್ಯಾಟರಿ ಧಾರಾಳವಾಗಿ ಸಾಕು. ಮುಂಬರುವ ಕಾರುಗಳನ್ನು ಅಳೆಯುವವರು ಜಾಹೀರಾತಿನ ಅತಿದೊಡ್ಡ ಅಂಕಿಗೆ ಮರುಳಾಗದೆ, ತಮ್ಮ ದಿನನಿತ್ಯದ ದಾರಿಯನ್ನು ಮೊದಲು ಲೆಕ್ಕ ಹಾಕಬೇಕು.