ಸಾಂಕ್ರಾಮಿಕ ರೋಗ ಮತ್ತು ನೇತ್ರ ಚಿಕಿತ್ಸಾ ವೃತ್ತಿ

ವೈರಾಣು ಸೋಂಕಿನ ಕಾಲದಲ್ಲಿ ಹೆಚ್ಚಿನ ಅಪಾಯಕ್ಕೆ ಒಳಗಾಗುವ ವೃತ್ತಿಗಳಲ್ಲಿ ನೇತ್ರ ಚಿಕಿತ್ಸೆಯೂ ಒಂದು. ಕೋವಿಡ್ ಬಗ್ಗೆ ಮೊದಲೇ ಸಹೋದ್ಯೋಗಿಗಳನ್ನು ಎಚ್ಚರಿಸಿದ ವುಹಾನ್ ನಗರದ ಡಾ. ಲಿ ವೆನ್‌ಲಿಯಾಂಗ್ ನೇತ್ರತಜ್ಞರಾಗಿದ್ದರು. ರೋಗಲಕ್ಷಣಗಳಿಲ್ಲದ ಗ್ಲಾಕೋಮಾ ರೋಗಿಯೊಬ್ಬರಿಂದ ಸೋಂಕು ತಗುಲಿತೆಂದು ನಂಬಲಾದ ಅವರು 2020ರ ಫೆಬ್ರವರಿ 7ರಂದು ನಿಧನರಾದರು. ಸ್ಲಿಟ್ ಲ್ಯಾಂಪ್ ಪರೀಕ್ಷೆಯಲ್ಲಿ ವೈದ್ಯರ ಮತ್ತು ರೋಗಿಯ ಮುಖಗಳ ನಡುವೆ ಸುಮಾರು ಒಂದು ಅಡಿ ಅಂತರವಷ್ಟೇ ಇರುತ್ತದೆ.

ದೂರದ ಬೆಲೆ

2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಯಾದಾಗ ತುರ್ತಲ್ಲದ ಶಸ್ತ್ರಚಿಕಿತ್ಸೆಗಳು ಮುಂದೂಡಲ್ಪಟ್ಟವು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಿಂದ ಚಿತ್ರದುರ್ಗಕ್ಕೆ ಬಸ್ಸನ್ನೇ ನಂಬಿ ಬರುವ ರೋಗಿಗೆ, ಬಸ್ ಸಂಚಾರ ಸ್ಥಗಿತಗೊಂಡ ವಾರಗಳಲ್ಲಿ ತೆರೆದ ಚಿಕಿತ್ಸಾಲಯವೂ ಮುಚ್ಚಿದಂತೆಯೇ ಸರಿ.

ಎಲ್ಲ ನೇತ್ರರೋಗಗಳೂ ಒಂದೇ ರೀತಿ ಕಾಯುವುದಿಲ್ಲ. ಕಣ್ಣಿನ ಪೊರೆ ಸಾಮಾನ್ಯವಾಗಿ ಕೆಲವು ತಿಂಗಳು ತಡೆದೀತು. ಆದರೆ ಅತಿಯಾಗಿ ಬಲಿತರೆ ಕಣ್ಣಿನೊತ್ತಡ ಏರಿ ಶಸ್ತ್ರಚಿಕಿತ್ಸೆ ಕಠಿಣವಾಗಬಹುದು. ಗ್ಲಾಕೋಮಾದಿಂದ ಕಳೆದ ದೃಷ್ಟಿ ಮರಳಿ ಬಾರದು. ಮಧುಮೇಹಿಗಳ ಅಕ್ಷಿಪಟಲ ಚಿಕಿತ್ಸೆಯೂ ವಿಳಂಬವನ್ನು ಸಹಿಸದು. 2020ರ ಮಾರ್ಚ್ 25ರಂದೇ ಪ್ರಕಟವಾದ ಕೇಂದ್ರದ ದೂರವೈದ್ಯಕೀಯ ಮಾರ್ಗಸೂಚಿಯಿಂದ ದೂರವಾಣಿ ಸಲಹೆಗೆ ಸ್ಪಷ್ಟ ಚೌಕಟ್ಟು ದೊರೆಯಿತು. ಯಾರು ತಕ್ಷಣ ಬರಬೇಕೆಂದು ದೂರವಾಣಿಯಲ್ಲಿ ವಿಂಗಡಿಸಬಹುದು, ಕಣ್ಣಿನೊತ್ತಡವನ್ನು ಅಳೆಯಲಾಗದು.

ಆದಾಯ ಮತ್ತು ವೆಚ್ಚ

ಸ್ಲಿಟ್ ಲ್ಯಾಂಪಿಗೆ ಉಸಿರು ತಡೆಯುವ ಪಾರದರ್ಶಕ ಫಲಕ, ಪ್ರತಿ ರೋಗಿಯ ನಂತರ ಟೋನೋಮೀಟರ್ ತುದಿಯ ಸೋಂಕು ನಿವಾರಣೆ, ಸಮಯ ನಿಗದಿಪಡಿಸಿ ಕರೆಯುವ ಪದ್ಧತಿ ಅಗತ್ಯವಾದವು. ಇದರಿಂದ ದಿನಕ್ಕೆ ನೋಡಬಹುದಾದ ರೋಗಿಗಳ ಸಂಖ್ಯೆ ಇಳಿಯುತ್ತದೆ. ಬಾಡಿಗೆ, ವೇತನ, ಉಪಕರಣದ ಸಾಲದ ಕಂತು ಇಳಿಯುವುದಿಲ್ಲ. ಗಿರಾಕಿ ಮುಖಕ್ಕಿಟ್ಟು ನೋಡಿದ ಪ್ರತಿ ಚೌಕಟ್ಟನ್ನೂ ಶುಚಿಗೊಳಿಸಬೇಕಾದ ಕನ್ನಡಕದ ಅಂಗಡಿಗೂ ಇದೇ ಲೆಕ್ಕ.

2021ರ ಎರಡನೆಯ ಅಲೆಯಲ್ಲಿ ಕಪ್ಪು ಶಿಲೀಂಧ್ರ ರೋಗ ಕಾಣಿಸಿಕೊಂಡಿತು. ಅದು ವಿಶೇಷವಾಗಿ ಹತೋಟಿಯಲ್ಲಿಲ್ಲದ ಮಧುಮೇಹವುಳ್ಳ, ಸ್ಟಿರಾಯ್ಡ್ ಪಡೆದ ರೋಗಿಗಳನ್ನು ಬಾಧಿಸಿತು. ಕೆಲವರ ಪ್ರಾಣ ಉಳಿಸಲು ಕಣ್ಣನ್ನೇ ತೆಗೆಯಬೇಕಾಯಿತು. 2023ರ ಮಳೆಗಾಲದಲ್ಲಿ ರಾಜ್ಯದಲ್ಲಿ ‘ಮದ್ರಾಸ್ ಐ’ ಹರಡಿದಾಗಲೂ ಕೈತೊಳೆಯುವ, ಟವೆಲ್ ಹಂಚಿಕೊಳ್ಳದಿರುವ ಅಭ್ಯಾಸಗಳೇ ರಕ್ಷಣೆಯಾಗಿದ್ದವು.

ಆದುದರಿಂದ ತುರ್ತು ರೋಗಿಗಳ ಪಟ್ಟಿ, ಅವರ ದೂರವಾಣಿ ಸಂಖ್ಯೆ ಮತ್ತು ತಾಲ್ಲೂಕು ಕೇಂದ್ರದಲ್ಲೇ ಕಣ್ಣಿನೊತ್ತಡ ಪರೀಕ್ಷೆಯ ಏರ್ಪಾಡು ಸದಾ ಸಿದ್ಧವಿರಬೇಕು. ಲಾರಿ ಚಾಲಕ, ಲೆಕ್ಕಿಗ, ದರ್ಜಿ ಇವರೆಲ್ಲರ ದುಡಿಮೆಗೆ ದೃಷ್ಟಿಯೇ ಬಂಡವಾಳ. ವರ್ತಕರು ತಮ್ಮ ನೌಕರರ, ಅದರಲ್ಲೂ ಮಧುಮೇಹಿಗಳ, ವಾರ್ಷಿಕ ನೇತ್ರ ತಪಾಸಣೆಯನ್ನು ಸಾಮಾನ್ಯ ದಿನಗಳಲ್ಲೇ ಮಾಡಿಸಿದರೆ, ಮುಂದೊಮ್ಮೆ ದಾರಿ ಮುಚ್ಚಿದಾಗ ಯಾರು ಕಾಯಬಲ್ಲರು, ಯಾರು ಕಾಯಲಾರರು ಎಂಬುದು ಮೊದಲೇ ತಿಳಿದಿರುತ್ತದೆ.